ಗುಜರಿಗೆ ಹಾಕುವ ಮುನ್ನ: ಕ್ಯಾಂಪ್ ಅಡುಗೆ ಪ್ರಶ್ನೋತ್ತರ

ಹೋದ ಸಂಚಿಕೆಯಲ್ಲಿ ಟೆಂಟ್ ಬಗ್ಗೆ ಬರೆದಿದ್ದೇ ತಡ, ಅಡುಗೆ ಸಾಮಾನಿನ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಹೆಚ್ಚಿನವರು ಕೇಳಿರುವುದು ಒಂದೇ: ಮನೆಯಲ್ಲಿ ಸುಮ್ನೆ ಬಿದ್ದಿರುವ ಡಬ್ಬ, ಬಕೆಟ್, ಜಾಲರಿ, ಹಳೇ ಸೂಟ್‌ಕೇಸ್ ಇವನ್ನೇ ಕ್ಯಾಂಪಿಗೆ ಬಳಸಿಕೊಳ್ಳಬಹುದಾ? ಧಾರಾಳವಾಗಿ. ಆದರೆ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಕಿಯಿಂದ ದೂರ ಇರುವ ಸಾಮಾನಿನಲ್ಲಿ ಏನು ಬೇಕಾದರೂ ಪ್ರಯೋಗ ಮಾಡಿ. ಬೆಂಕಿಗೋ ತಿನ್ನುವ ಪದಾರ್ಥಕ್ಕೋ ತಾಗುವುದಾದರೆ ಅದು ಯಾವ ಲೋಹ, ಅದರ ಮೇಲೆ ಯಾವ ಲೇಪ ಇದೆ ಅನ್ನೋದು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಅದು ಗುಜರಿಗೇ ಹೋಗಲಿ.

ಪ್ರಶ್ನೆ: ಮೇಡಂ, ದೊಡ್ಡ ತಗಡಿನ ಡಬ್ಬಕ್ಕೆ ತಳದಲ್ಲಿ ತೂತು ಹೊಡೆದು ಸೌದೆ ಒಲೆ ಮಾಡಿದೆ. ಹೊಗೆಯೋ ಹೊಗೆ. ನೀರು ಕುದಿಯುವಷ್ಟರಲ್ಲಿ ಕಣ್ಣಲ್ಲೂ ನೀರು. ಏನು ಸರಿ ಮಾಡಬೇಕು?

ಉತ್ತರ: ಹೊಗೆ ಅಂದರೆ ಉರಿಯದೆ ಹೊರಗೆ ಹೋಗುತ್ತಿರುವ ಸೌದೆ ಅಂತಲೇ ತಿಳಿದುಕೊಳ್ಳಿ. ಅದು ಉರಿಯಬೇಕಾದರೆ ಗಾಳಿಯೂ ಬೇಕು, ಬಿಸಿಯೂ ಬೇಕು. ನೀವು ತಳದಲ್ಲಿ ತೂತು ಹೊಡೆದಿದ್ದೀರಿ, ಸರಿ, ಗಾಳಿ ಒಳಗೆ ಬರುತ್ತದೆ. ಹೊರಗೆ ಹೋಗೋದು ಎಲ್ಲಿಂದ? ಪಾತ್ರೆಯನ್ನು ಡಬ್ಬದ ಬಾಯಿಗೆ ಸರಿಯಾಗಿ ಕೂರಿಸಿದರೆ ಮುಚ್ಚಳ ಹಾಕಿದ ಹಾಗೆಯೇ ಆಯಿತು. ಬಾಯಿಗೂ ಪಾತ್ರೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಇರಲಿ. ಮೂರು ಟೆಂಟ್ ಗೂಟಗಳನ್ನೋ ಹಳೇ ಸೈಕಲ್ಲಿನ ಗಟ್ಟಿ ಕಡ್ಡಿಗಳನ್ನೋ ಬಾಯಿಗೆ ಅಡ್ಡ ತೂರಿಸಿ ಅದರ ಮೇಲೆ ಪಾತ್ರೆ ಇಡಿ. ಅಥವಾ ಮೇಲಂಚಿನ ಕೆಳಗೆ ಸುತ್ತಲೂ ದೊಡ್ಡ ತೂತುಗಳ ಒಂದು ಸಾಲು ಮಾಡಿ.

ಎರಡನೆಯದು, ಸೌದೆ ತಳಕ್ಕೇ ಕೂತಿದೆಯಾ ನೋಡಿ. ಸ್ವಲ್ಪ ಹೊತ್ತಿಗೆ ಬೂದಿ ತುಂಬಿ ತಳದ ತೂತುಗಳು ಮುಚ್ಚಿಹೋಗುತ್ತವೆ, ಹೊಗೆ ಶುರುವಾಗುತ್ತದೆ. ತಳದಿಂದ ಎರಡು ಬೆರಳು ಮೇಲೆ ಒಂದು ಜಾಲರಿ ಬೇಕು. ಇನ್ನೊಂದು ಚಿಕ್ಕ ಡಬ್ಬದ ಮುಚ್ಚಳಕ್ಕೆ ತುಂಬಾ ತೂತು ಹೊಡೆದು ಕೂರಿಸಿದರೂ ನಡೆಯುತ್ತದೆ.

ಇನ್ನೂ ಉತ್ಸಾಹ ಇದ್ದರೆ ಎರಡು ಡಬ್ಬದ ಒಲೆ ಮಾಡಿ ನೋಡಿ, ಅದು ನನ್ನ ಮೆಚ್ಚಿನದು. ಚಿಕ್ಕ ಡಬ್ಬವನ್ನು ದೊಡ್ಡದರೊಳಗೆ ಇಳಿಸಬೇಕು, ಮೇಲಂಚಿನಲ್ಲಿ ಎರಡೂ ಬಿಗಿಯಾಗಿ ಕೂಡಿರಬೇಕು, ಮಧ್ಯೆ ಸುತ್ತಲೂ ಒಂದೂವರೆ ಎರಡು ಸೆಂಟಿಮೀಟರ್ ಖಾಲಿ ಜಾಗ. ಹೊರಗಿನ ಡಬ್ಬಕ್ಕೆ ಕೆಳಗೆ ತೂತು, ಒಳಗಿನದಕ್ಕೆ ತಳದಲ್ಲೂ ಮೇಲಂಚಿನ ಕೆಳಗೂ ತೂತು. ಕೆಳಗಿನಿಂದ ಬಂದ ಗಾಳಿ ಎರಡು ಗೋಡೆಗಳ ನಡುವೆ ಹತ್ತುತ್ತಾ ಕಾಯುತ್ತದೆ, ಆಮೇಲೆ ಮೇಲಿನ ತೂತುಗಳಿಂದ ಒಳಗೆ ನುಗ್ಗಿ ಹೊಗೆಯನ್ನೇ ಉರಿಸುತ್ತದೆ. ಚೆನ್ನಾಗಿ ಹತ್ತಿಕೊಂಡ ಮೇಲೆ ಪ್ರತಿ ತೂತಿನಿಂದಲೂ ಒಂದೊಂದು ಸಣ್ಣ ಜ್ವಾಲೆ ಒಳಮುಖವಾಗಿ ಚಿಮ್ಮುವುದು ಕಾಣುತ್ತದೆ. ಅಷ್ಟು ಕಂಡರೆ ಒಲೆ ಸರಿಯಾಗಿದೆ ಅಂತ. ಬೆರಳಿಗಿಂತ ದಪ್ಪದ ಸೌದೆ ಬೇಡ, ಒಣ ಪುಳ್ಳೆ ಸಾಕು, ಆದರೆ ಬಿಡದೆ ಹಾಕುತ್ತಿರಬೇಕು.

ಹೊಗೆ ಕಡಿಮೆ ಮಾಡೋದು ಡಬ್ಬದ ಒಲೆ ಮಾಡುವವರ ಚಿಂತೆ ಮಾತ್ರ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಆರಿಗಾನ್‌ನಲ್ಲಿರುವ ಅಪ್ರೊವೆಚೊ ಸಂಶೋಧನಾ ಕೇಂದ್ರದ ಲ್ಯಾರಿ ವಿನಿಯಾರ್ಸ್ಕಿ ರೂಪಿಸಿದ ರಾಕೆಟ್ ಒಲೆಯ ಹಿಂದೆ ಇರುವುದೂ ಇದೇ ಚಿಂತೆ. ಅದರಲ್ಲಿ ಬೆಂಕಿಯ ಮೇಲೆ ಒಂದು ಗಿಡ್ಡ ಚಿಮಣಿ, ಅದರ ಸುತ್ತ ಬಿಸಿ ಸೋರದ ಹೊದಿಕೆ. ಹೊಗೆ ಪಾತ್ರೆ ತಲುಪುವ ಮೊದಲೇ ಒಳಗೇ ಉರಿದುಹೋಗುತ್ತದೆ.

ತೂತು ಹೊಡೆಯುವಾಗ ಡಬ್ಬ ನೆಗ್ಗುತ್ತದೆ ಅಂತ ಇನ್ನೂ ಇಬ್ಬರು ಬರೆದಿದ್ದಾರೆ. ಡಬ್ಬದ ತುಂಬ ನೀರು ತುಂಬಿಸಿ ಫ್ರೀಜರ್‌ನಲ್ಲಿಡಿ. ಮಂಜುಗಡ್ಡೆ ಆದ ಮೇಲೆ ಮೊಳೆ, ಸುತ್ತಿಗೆ ಹಿಡಿಯಿರಿ, ತಗಡು ಅಲುಗಾಡುವುದಿಲ್ಲ. ತಳ ಸ್ವಲ್ಪ ಉಬ್ಬುತ್ತದೆ, ಕುಟ್ಟಿ ಸರಿ ಮಾಡಿಕೊಳ್ಳಿ. ಅಷ್ಟು ತಾಳ್ಮೆ ಇಲ್ಲದವರು ಒಳಗೆ ಒಂದು ಮರದ ತುಂಡು ತುರುಕಿ ಹೊಡೆಯಬಹುದು. ಕತ್ತರಿಸಿದ ಅಂಚಿಗೆ ಅರ ಹಾಕದೆ ಬಿಡಬೇಡಿ, ಬ್ಲೇಡಿನ ಹಾಗೆ ಕುಯ್ಯುತ್ತದೆ. ಡಬ್ಬದ ಒಳಗೆ ಬಣ್ಣದಂಥ ಲೇಪವೂ ಇರುತ್ತದೆ. ಮೊದಲ ಸಲ ಬಯಲಲ್ಲಿ, ಪಾತ್ರೆ ಇಡದೆ, ಗಾಳಿ ಬರುವ ಕಡೆ ನಿಂತು ಚೆನ್ನಾಗಿ ಉರಿಸಿ ಅದನ್ನು ಸುಟ್ಟುಬಿಡಿ.

ಪ್ರಶ್ನೆ: ತಂಪು ಪಾನೀಯದ ಕ್ಯಾನ್‌ನಿಂದ ಸ್ಪಿರಿಟ್ ಸ್ಟವ್ ಮಾಡಬಹುದು ಅಂತ ಕೇಳಿದ್ದೇನೆ. ಸ್ಪಿರಿಟ್ ಸಿಗದಿದ್ದರೆ ಪೆಟ್ರೋಲ್ ಹಾಕಬಹುದಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಯಾವ ಕಾರಣಕ್ಕೂ ಬೇಡ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿ ದೂರದಿಂದಲೇ ಹೊತ್ತಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬ್ರಿಟಿಷ್ ಸೈನಿಕರು ತಗಡಿನ ಡಬ್ಬಕ್ಕೆ ಮರಳು ತುಂಬಿ ಪೆಟ್ರೋಲ್ ಸುರಿದು ಚಹಾ ಕಾಯಿಸುತ್ತಿದ್ದರು, ಅದು ನಿಜ. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ.

ಸ್ಪಿರಿಟ್ ಸ್ಟವ್ ವಿಷಯಕ್ಕೆ ಬರೋಣ. ಕ್ಯಾನ್ ಕತ್ತರಿಸಿ ಒಂದರೊಳಗೆ ಒಂದು ಸೇರಿಸುವ ಕಸರತ್ತು ನೋಡೋಕೆ ಚೆಂದ, ಆದರೆ ಶುರು ಮಾಡುವವರಿಗೆ ಅದು ಬೇಡ ಅಂತಲೇ ಹೇಳುತ್ತೇನೆ. ಬೆಕ್ಕಿನ ಆಹಾರವೋ ಮೀನೋ ಬರುವ ಗಿಡ್ಡ ಅಲ್ಯೂಮಿನಿಯಂ ಡಬ್ಬ ಇರುತ್ತದಲ್ವಾ, ಅದೇ ಸಾಕು. ಕಾಗದಕ್ಕೆ ತೂತು ಹಾಕುವ ಆಫೀಸ್ ಪಂಚ್ ತೆಗೆದುಕೊಂಡು ಮೇಲಂಚಿನ ಸ್ವಲ್ಪ ಕೆಳಗೆ ಸುತ್ತಲೂ ಒಂದು ಸಾಲು, ಅದರ ಕೆಳಗೆ ಸಂದಿಗೆ ಸಂದಿ ಬರುವ ಹಾಗೆ ಇನ್ನೊಂದು ಸಾಲು. ಮುಗಿಯಿತು. ಪಾತ್ರೆ ನೇರ ಇದರ ಮೇಲೆಯೇ ಕೂರುತ್ತದೆ. ಡಬ್ಬ ಚಿಕ್ಕದು, ಅಗಲ ಪಾತ್ರೆ ಇಟ್ಟರೆ ವಾಲಬಹುದು, ಹಾಗಾಗಿ ನೆಲ ಸಮ ಇರಲಿ.

ಸ್ಪಿರಿಟ್ ಹಾಕಿ ಹಚ್ಚಿದ ತಕ್ಷಣ ಪಾತ್ರೆ ಇಟ್ಟರೆ ಆರಿಹೋಗುತ್ತದೆ. ಅರ್ಧ ನಿಮಿಷ ಹಾಗೇ ಬಿಡಿ. ಸ್ಪಿರಿಟ್‌ನಲ್ಲಿರುವ ಎಥನಾಲ್ ಅನ್ನೋ ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಡಬ್ಬ ಕಾದು ಸ್ಪಿರಿಟ್ ತಾನಾಗಿ ಆವಿಯಾಗುವ ಹಂತಕ್ಕೆ ಬಂದ ಮೇಲೆ ಪಾತ್ರೆ ಇಟ್ಟರೆ ಜ್ವಾಲೆ ಪಕ್ಕದ ತೂತುಗಳಿಂದ ಹೊರಗೆ ಬರುತ್ತದೆ. ಗಾಳಿ ಇಲ್ಲದಿದ್ದರೆ ಅರ್ಧ ಲೀಟರ್ ನೀರು ಕುದಿಯಲು ಸುಮಾರು 20 ಮಿಲಿಲೀಟರ್ ಸಾಕು, ಚಳಿ ಗಾಳಿ ಇದ್ದರೆ ಜಾಸ್ತಿ. ಕೆಮ್ಮಿನ ಔಷಧಿ ಜೊತೆ ಬರುವ ಗೆರೆ ಹಾಕಿದ ಪುಟ್ಟ ಲೋಟ ಎಸೆಯಬೇಡಿ, ಅಳೆಯೋಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದು ಸಲ ಸ್ಪಿರಿಟ್‌ಗೆ ಬಳಸಿದ ಮೇಲೆ ಮತ್ತೆ ಔಷಧಿಗೆ ಬೇಡ.

ಈಗ ಅಪಾಯದ ಮಾತು. ಸ್ಪಿರಿಟ್ ಜ್ವಾಲೆ ಹಗಲು ಬೆಳಕಲ್ಲಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಮತ್ತೆ ಸುರಿದರೆ ಉರಿ ಬಾಟಲಿಗೇ ಹತ್ತುತ್ತದೆ, ಸುಟ್ಟುಕೊಳ್ಳೋದು ಹೀಗೆಯೇ. ಆದ್ದರಿಂದ ಮೊದಲು ಮೇಲೆ ಒಂದು ದೊಡ್ಡ ಡಬ್ಬ ಬೋರಲು ಹಾಕಿ ಆರಿಸಿ, ಸ್ಟವ್ ಕೈಗೆ ತಣ್ಣಗೆ ಸಿಕ್ಕ ಮೇಲೆ ಮಾತ್ರ ಸುರಿಯಿರಿ. ಮೆಥನಾಲ್ ಅನ್ನೋ ಇನ್ನೊಂದು ಬಗೆಯ ಆಲ್ಕೋಹಾಲೂ ಉರಿಯುತ್ತದೆ ನಿಜ, ಆದರೆ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಉರಿದರೆ ಪಾತ್ರೆಗೆ ಮಸಿ ಮೆತ್ತುತ್ತದೆ. ಇಂಧನವನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಕತ್ತಲಲ್ಲಿ ಯಾರಾದರೂ ಕುಡಿದುಬಿಡುತ್ತಾರೆ. ಬೇಸಿಗೆಯಲ್ಲಿ ಬೆಂಕಿ ನಿಷೇಧ ಇರುವ ಕೆಲವು ಕಾಡುಗಳಲ್ಲಿ ತಿರುಗಿಸಿ ಆರಿಸುವ ಗುಂಡಿ ಇಲ್ಲದ ಸ್ಟವ್ ಬಿಡುವುದಿಲ್ಲ, ಹೊರಡುವ ಮುಂಚೆ ಅಲ್ಲಿಯ ನಿಯಮ ಕೇಳಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಹಳೇ ಕಬ್ಬಿಣದ ಬಕೆಟ್, ಕೆಟ್ಟ ಫ್ರಿಜ್‌ನ ತಂತಿ ತಟ್ಟೆ, ಗೀರು ಬಿದ್ದ ನಾನ್‌ಸ್ಟಿಕ್ ಬಾಣಲೆ ಇವೆ. ಬಕೆಟ್‌ನಲ್ಲಿ ಇದ್ದಿಲು, ಮೇಲೆ ಫ್ರಿಜ್ ತಟ್ಟೆ, ಅದರ ಮೇಲೆ ಬಾಣಲೆ. ಚೆನ್ನಾಗಿರುತ್ತಲ್ವಾ?

ಉತ್ತರ: ಬೇಡವಾದ ಮೂರನ್ನೂ ಒಂದರ ಮೇಲೊಂದು ಜೋಡಿಸಿದ್ದೀರಿ! ಮೂರಕ್ಕೂ ಬೇರೆ ಬೇರೆ ಕಾರಣ ಇದೆ.

ಬಕೆಟ್ ಮೈಮೇಲೆ ಹೂವು ಬಿಡಿಸಿದಂಥ ಬೂದು ಮಚ್ಚೆ ಕಾಣುತ್ತಿದ್ದರೆ ಅದಕ್ಕೆ ಸತುವಿನ ಲೇಪ ಇದೆ, ಜನ ಜಿಂಕ್ ಅನ್ನೋದು ಅದನ್ನೇ. ಸತು 420 ಡಿಗ್ರಿಗೆ ಕರಗುತ್ತದೆ, ಗಾಳಿ ಸಿಕ್ಕಿದ ಕೆಂಡ ಅದನ್ನು ಸುಲಭವಾಗಿ ದಾಟುತ್ತದೆ. ಹೆಚ್ಚು ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಚಳಿ ಜ್ವರ, ಮೈಕೈ ನೋವು. ಬೆಸುಗೆ ಹಾಕುವವರಿಗೆ ಈ ಜ್ವರ ಚೆನ್ನಾಗಿ ಗೊತ್ತು. ಬಕೆಟ್‌ಗೆ ನೀರು ತುಂಬಿ ಬೆಂಕಿ ಪಕ್ಕದಲ್ಲಿಡಿ, ಅದಕ್ಕೆ ಅದು ಒಳ್ಳೆಯ ಕೆಲಸ.

ಫ್ರಿಜ್ ತಟ್ಟೆ ಇನ್ನೂ ಕೆಟ್ಟದ್ದು. ಹಳೇ ಫ್ರಿಜ್‌ಗಳ ಕೆಲವು ತಟ್ಟೆಗಳಿಗೆ ಕ್ಯಾಡ್ಮಿಯಂ ಲೇಪ ಇರುತ್ತಿತ್ತು, ಕಾದರೆ ಅದರ ಹೊಗೆಯೂ ವಿಷ, ಅದರ ಮೇಲಿಟ್ಟ ತಿಂಡಿಯೂ ವಿಷ. ನೋಡಿದರೆ ಯಾವುದಕ್ಕೆ ಯಾವ ಲೇಪ ಅಂತ ಹೇಳೋಕೆ ಆಗಲ್ಲ. ಫ್ರಿಜ್ ತಟ್ಟೆ ತಣ್ಣನೆ ಕೆಲಸಕ್ಕೇ ಇರಲಿ, ತೊಳೆದ ಪಾತ್ರೆ ಬಸಿಯೋಕೆ ಇಟ್ಟುಕೊಳ್ಳಿ. ಬೆಂಕಿ ಮೇಲೆ ಇಡಲು ಹಳೇ ಓವನ್ನಿನ ಸ್ಟೀಲ್ ಜಾಲರಿ ಹುಡುಕಿ, ಅದು ಕಾಯೋದಕ್ಕೆಂದೇ ಮಾಡಿದ್ದು.

ಇನ್ನು ಬಾಣಲೆ. ನಾನ್‌ಸ್ಟಿಕ್ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ಗ್ಯಾಸ್‌ನ ಸಣ್ಣ ಉರಿಯಲ್ಲಿ ಅಷ್ಟು ಬಿಸಿ ಏರುವುದಿಲ್ಲ, ಆದರೆ ಕೆಂಡದ ಮೇಲೆ ಖಾಲಿ ಬಾಣಲೆ ಇಟ್ಟು ಈರುಳ್ಳಿ ಹೆಚ್ಚುತ್ತಾ ಕೂತರೆ ಅಷ್ಟರಲ್ಲೇ ದಾಟಿರುತ್ತದೆ. ಆ ಹೊಗೆ ಮನುಷ್ಯರಿಗೂ ಜ್ವರ ತರಿಸುತ್ತದೆ, ಸಾಕಿದ ಹಕ್ಕಿಗಳಂತೂ ಸಾಯುತ್ತವೆ.

ಹಾಗಾದರೆ ಏನು ಉಳಿಯಿತು ಅಂತೀರಾ? ಅಡುಗೆಮನೆಯಲ್ಲಿ ಚಮಚ ನಿಲ್ಲಿಸುವ ತೂತು ತೂತಿನ ಸ್ಟೀಲ್ ಡಬ್ಬ ಇದ್ದರೆ ನೋಡಿ. ಪಕ್ಕದಲ್ಲಿ ಪುಳ್ಳೆ ಹಾಕಲು ಒಂದು ಕಿಟಕಿ ಕತ್ತರಿಸಿದರೆ ಅದೇ ಒಲೆ. ಹಳೇ ವಾಷಿಂಗ್ ಮಷೀನ್‌ನ ಸ್ಟೀಲ್ ಡ್ರಮ್ ಸಿಕ್ಕರಂತೂ ದೊಡ್ಡ ಗುಂಪಿಗೆ ಅದಕ್ಕಿಂತ ಒಳ್ಳೆಯ ಬೆಂಕಿ ಗೂಡು ಇಲ್ಲ, ಸುತ್ತಲೂ ತೂತು ಇದ್ದೇ ಇರುತ್ತದೆ. ಒಳಗಿನ ಪ್ಲಾಸ್ಟಿಕ್ ರೆಕ್ಕೆಗಳನ್ನು ಮಾತ್ರ ಬಿಡದೆ ಕಿತ್ತುಹಾಕಿ.

ಪ್ರಶ್ನೆ: ಗಾಳಿಗೆ ಸ್ಟವ್ ಆರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಬಹುದಾ?

ಉತ್ತರ: ಯಾವ ಸ್ಟವ್ ಅನ್ನೋದರ ಮೇಲೆ ಹೋಗುತ್ತದೆ. ಸ್ಪಿರಿಟ್ ಅಥವಾ ಸೌದೆ ಒಲೆಗೆ ಸುತ್ತಬಹುದು. ಫಾಯಿಲ್ಲನ್ನು ನಾಲ್ಕೈದು ಪದರ ಮಡಚಿ, ಅಥವಾ ಬಳಸಿ ಎಸೆಯುವ ಫಾಯಿಲ್ ತಟ್ಟೆಯ ಪಕ್ಕಗಳನ್ನು ಕತ್ತರಿಸಿ ಪೇಪರ್ ಕ್ಲಿಪ್‌ನಿಂದ ಜೋಡಿಸಿ. ಪಾತ್ರೆಗೂ ಅದಕ್ಕೂ ನಡುವೆ ಒಂದು ಬೆರಳು ಸಂದಿ, ಕೆಳಗೆ ಗಾಳಿಗೆ ತೂತು. ಆದರೆ ಗ್ಯಾಸ್ ಡಬ್ಬದ ತಲೆ ಮೇಲೆಯೇ ತಿರುಗಿಸಿ ಕೂರಿಸುವ ಸ್ಟವ್ ನಿಮ್ಮದಾದರೆ ಸುತ್ತಲೂ ಮುಚ್ಚಲೇಬಾರದು. ಬಿಸಿ ಒಳಗೇ ಸಿಕ್ಕಿಕೊಂಡು ಗ್ಯಾಸ್ ಡಬ್ಬವೇ ಕಾದು ಸಿಡಿಯಬಹುದು. ಗಾಳಿ ಬರುವ ಒಂದು ಕಡೆಗೆ ಮಾತ್ರ ಮರೆ ಮಾಡಿ, ಆಗಾಗ ಡಬ್ಬವನ್ನು ಮುಟ್ಟಿ ನೋಡಿ. ಕೈಗೆ ಬಿಸಿ ಅನಿಸಿದರೆ ಮರೆ ತೆಗೆದುಬಿಡಿ.

ಪ್ರಶ್ನೆ: ಮಳೆ ಬಂದರೆ ಟೆಂಟ್ ಒಳಗೆ ಡಬ್ಬದ ಒಲೆ ಹಚ್ಚಬಹುದಾ? ಜಿಪ್ ತೆಗೆದಿಡುತ್ತೇವೆ.

ಉತ್ತರ: ಬೇಡ. ಜಿಪ್ ತೆಗೆದರೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಆರಿದಂತೆ ಕಾಣುವ ಇದ್ದಿಲನ್ನು ಬೆಚ್ಚಗಿರಲಿ ಅಂತ ಒಳಗೆ ತಂದಿಟ್ಟುಕೊಳ್ಳುವುದೂ ಅಷ್ಟೇ ಅಪಾಯ. ಮಳೆ ದಿನಕ್ಕೆ ಅಂತ ಬೇಯಿಸದೆ ತಿನ್ನುವುದನ್ನು ಏನಾದರೂ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ಇಂಧನ ಬೇಗ ಖಾಲಿಯಾಗುತ್ತದೆ. ಉಳಿಸುವ ಉಪಾಯ ಮನೆಯಲ್ಲೇ ಏನಾದರೂ ಇದೆಯಾ?

ಉತ್ತರ: ಇದೆ, ಮತ್ತು ನನ್ನನ್ನು ಕೇಳಿದರೆ ಈ ಎಲ್ಲ ಸಾಮಾನಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಪಾತ್ರೆಗೆ ಒಂದು ಅಂಗಿ ಹೊಲಿಯಿರಿ. ಕಾರಿನ ಗಾಜಿಗೆ ಬಿಸಿಲಿಗೆ ಅಡ್ಡ ಇಡುವ ಬೆಳ್ಳಿ ಬಣ್ಣದ ಹಾಳೆ ಹಳೆಯದಾಗಿದ್ದರೆ ಅದನ್ನು ಪಾತ್ರೆ ಸುತ್ತಳತೆಗೆ ಕತ್ತರಿಸಿ, ತಳಕ್ಕೊಂದು ಮುಚ್ಚಳಕ್ಕೊಂದು ದುಂಡಗೆ ತುಂಡು ಕತ್ತರಿಸಿ, ಅಲ್ಯೂಮಿನಿಯಂ ಟೇಪಿನಿಂದ ಅಂಟಿಸಿ. ನೀರು ಕುದಿದು, ಹಾಕಬೇಕಾದ್ದು ಹಾಕಿ, ಮತ್ತೆ ಒಂದೆರಡು ನಿಮಿಷ ಕುದಿಸಿ, ಉರಿ ಆರಿಸಿ, ಪಾತ್ರೆಯನ್ನು ಅಂಗಿಯೊಳಗೆ ಇಳಿಸಿಬಿಡಿ. ಉಳಿದದ್ದು ತಾನಾಗಿ ಬೇಯುತ್ತದೆ. ಅಂಗಿ ಹಾಕಿದ ಪಾತ್ರೆಯನ್ನು ಬೆಂಕಿ ಮೇಲೆ ಮಾತ್ರ ಇಡಬೇಡಿ, ಕರಗುತ್ತದೆ.

ಕಾರಿನಲ್ಲಿ ಹೋಗುವವರಾದರೆ ರಟ್ಟಿನ ಡಬ್ಬಕ್ಕೆ ಹಳೇ ಕಂಬಳಿ, ಸ್ವೆಟರ್ ತುರುಕಿ ನಡುವೆ ಪಾತ್ರೆಗೆ ಗುಳಿ ಮಾಡಿಕೊಳ್ಳಿ, ಮೇಲೊಂದು ದಿಂಬು. ಇದು ಹೊಸದೇನಲ್ಲ. 1867ರ ಪ್ಯಾರಿಸ್ ಪ್ರದರ್ಶನದಲ್ಲೇ ನಾರ್ವೆಯವರು ಹೀಗೆ ತಾನಾಗಿ ಬೇಯಿಸುವ ಪೆಟ್ಟಿಗೆ ತಂದಿಟ್ಟಿದ್ದರು. ಯುದ್ಧದ ಕಾಲದ ಬ್ರಿಟನ್‌ನಲ್ಲಿ ಇಂಧನ ಉಳಿಸಲು ಮನೆಮನೆಯಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆ ಬಳಸಿದ್ದರು.

ಎರಡು ಎಚ್ಚರಿಕೆ. ಪಾತ್ರೆ ತುಂಬ ಇರಲಿ, ಕಾಲು ಪಾತ್ರೆ ಬೇಗ ಆರುತ್ತದೆ. 60 ಡಿಗ್ರಿಗಿಂತ ಕೆಳಗೆ ಇಳಿದ ಊಟದಲ್ಲಿ ಕ್ರಿಮಿ ಬೆಳೆಯುತ್ತದೆ, ಆದ್ದರಿಂದ ಮುಚ್ಚಳ ತೆಗೆದಾಗ ಹಬೆ ಏಳದೆ ಉಗುರುಬೆಚ್ಚಗಿದ್ದರೆ ಹಾಗೇ ತಿನ್ನಬೇಡಿ. ಎರಡನೆಯದು ರಾಜ್ಮಾ. ಕೆಂಪು ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಒಂದು ವಿಷದ ಅಂಶ ಇರುತ್ತದೆ, ಕೊತಕೊತ ಕುದಿಸಿದರೆ ಮಾತ್ರ ಅದು ಸಾಯುತ್ತದೆ, ಪೆಟ್ಟಿಗೆಯ ಹದ ಬಿಸಿಗೆ ಸಾಯುವುದಿಲ್ಲ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಿ, ಆಮೇಲೆ ಪೆಟ್ಟಿಗೆಗೆ ಇಡಿ.

ಪ್ರಶ್ನೆ: ಸಾಮಾನೆಲ್ಲ ಹತ್ತು ಚೀಲದಲ್ಲಿ ಹಂಚಿಹೋಗಿ ಉಪ್ಪು ಸಿಕ್ಕರೆ ಬೆಂಕಿಪೆಟ್ಟಿಗೆ ಸಿಗಲ್ಲ. ಹಳೇ ಸೂಟ್‌ಕೇಸ್ ಇದೆ, ಅದನ್ನೇ ಅಡುಗೆ ಪೆಟ್ಟಿಗೆ ಮಾಡಲಾ?

ಉತ್ತರ: ಖಂಡಿತ ಮಾಡಿ. ಇಲ್ಲಿ ಬೆಂಕಿ ಇಲ್ಲ, ಲೇಪದ ಚಿಂತೆ ಇಲ್ಲ. ಗಟ್ಟಿ ಮೈಯ ಸೂಟ್‌ಕೇಸ್ ಆದರೆ ಒಳ್ಳೆಯದು. 1866ರಲ್ಲಿ ಟೆಕ್ಸಸ್‌ನ ದನಗಾಹಿ ಚಾರ್ಲ್ಸ್ ಗುಡ್‌ನೈಟ್ ಸೈನ್ಯದ ಹಳೇ ಗಾಡಿಯ ಹಿಂಭಾಗಕ್ಕೆ ಖಾನೆಗಳ ಪೆಟ್ಟಿಗೆ ಕೂರಿಸಿ ಊರೂರು ತಿರುಗುವ ಅಡುಗೆಮನೆ ಮಾಡಿದ್ದ. ಅದರ ಮುಚ್ಚಳ ಕೆಳಗೆ ಬಿಚ್ಚಿದರೆ ಅದೇ ಹೆಚ್ಚುವ ಮೇಜು. ನೀವೂ ಅದನ್ನೇ ಮಾಡಬಹುದು, ಸೂಟ್‌ಕೇಸ್ ಮುಚ್ಚಳ ಅಡ್ಡ ಬಿದ್ದಾಗ ಕೆಳಗೆ ಆಧಾರ ಕೊಡಲು ಎರಡು ಕೋಲು ಸಾಕು. ಒಳಗೆ ರಟ್ಟಿನ ಬದಲು ಹಾಲಿನ ಡಬ್ಬದ ಪ್ಲಾಸ್ಟಿಕ್ ಕತ್ತರಿಸಿ ಖಾನೆ ಮಾಡಿ, ಒದ್ದೆಯಾದರೆ ಒರೆಸಬಹುದು.

ಬಾಗಿಲ ಹಿಂದೆ ಚಪ್ಪಲಿ ಇಡಲು ನೇತುಹಾಕುವ ಜೇಬು ಜೇಬಿನ ಬಟ್ಟೆ ಇರುತ್ತದಲ್ಲ, ಹೊಸದೋ ಚೆನ್ನಾಗಿ ತೊಳೆದದ್ದೋ ಇದ್ದರೆ ಎರಡು ಮರಗಳ ನಡುವೆ ಹಗ್ಗಕ್ಕೆ ಕಟ್ಟಿ. ಸೌಟು, ಚಮಚ, ಇಕ್ಕಳ, ಬೆಂಕಿಪೆಟ್ಟಿಗೆ ಎಲ್ಲ ಕಣ್ಣೆದುರೇ. ಮಸಾಲೆಗೆ ಮಾತ್ರೆ ಡಬ್ಬಿ ಬಳಸುವವರಿದ್ದಾರೆ, ನನಗೆ ಇಷ್ಟವಿಲ್ಲ. ಪುಡಿ ಮಾತ್ರೆ ಒಳಗೆ ಅಂಟಿರುತ್ತದೆ, ಮಕ್ಕಳಿಗೆ ಗೊಂದಲ ಬೇರೆ. ಪುದೀನಾ ಮಿಠಾಯಿಯ ಪುಟ್ಟ ಡಬ್ಬಿ ಸಾಕು. ಪೆಟ್ಟಿಗೆ ತುಂಬಿದ ಮೇಲೆ ಒಬ್ಬರೇ ಎತ್ತಿ ನೋಡಿ. ಆಗದಿದ್ದರೆ ಅರ್ಧ ಹೊರಗೆ ತೆಗೆಯಿರಿ.

ಪ್ರಶ್ನೆ: ಬಟ್ಟೆ ಒಗೆಯುವ ಲಿಕ್ವಿಡ್‌ನ ದೊಡ್ಡ ಕ್ಯಾನ್‌ಗೆ ನಲ್ಲಿ ಇದೆ. ಕುಡಿಯುವ ನೀರಿಗೆ ಬಳಸಬಹುದಾ?

ಉತ್ತರ: ಕುಡಿಯೋಕೆ ಬೇಡ. ಎಷ್ಟು ತೊಳೆದರೂ ಪರಿಮಳ ಪ್ಲಾಸ್ಟಿಕ್‌ನಲ್ಲಿ ಉಳಿಯುತ್ತದೆ. ಕೈ ತೊಳೆಯಲು ಮಾತ್ರ ಅದು ಚಿನ್ನದಂಥ ಸಾಮಾನು, ಅಡುಗೆ ಜಾಗದ ಪಕ್ಕ ಒಂದು ಕಲ್ಲಿನ ಮೇಲಿಟ್ಟು ಹಳೇ ಕಾಲುಚೀಲದೊಳಗೆ ಸೋಪು ಹಾಕಿ ಹಿಡಿಗೆ ನೇತುಹಾಕಿ. ಕುಡಿಯುವ ನೀರಿಗೆ ಜ್ಯೂಸ್ ಅಥವಾ ಹಾಲು ಬಂದ ಬಿಳಿ ಕ್ಯಾನ್ ಇಟ್ಟುಕೊಳ್ಳಿ. ರಾತ್ರಿ ತಲೆಗೆ ಕಟ್ಟುವ ಟಾರ್ಚನ್ನು ಬೆಳಕು ಒಳಮುಖವಾಗಿ ಬೀಳುವಂತೆ ಅದಕ್ಕೆ ಸುತ್ತಿದರೆ ಕ್ಯಾನ್ ಪೂರ್ತಿ ಲಾಂದ್ರದಂತೆ ಬೆಳಗುತ್ತದೆ. ಹೊಳೆ ನೀರಾದರೆ ಒಂದು ನಿಮಿಷ ಜೋರಾಗಿ ಕುದಿಸಿ. 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ, ಯಾಕೆಂದರೆ ಅಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ.

ಪ್ರಶ್ನೆ: ನನಗೆ ಕೈಕೆಲಸ ಅಷ್ಟಾಗಿ ಬರಲ್ಲ. ಒಂದೇ ಒಂದು ಸಾಮಾನು ಮಾಡಿಕೊಳ್ಳಬೇಕು ಅಂದರೆ ಯಾವುದರಿಂದ ಶುರು ಮಾಡಲಿ?

ಉತ್ತರ: ಕುದಿಸುವ ಪಾತ್ರೆ. ಅಡುಗೆಮನೆಯಲ್ಲಿ ಒಂದು ಲೀಟರ್ ಹಿಡಿಯುವ ಸ್ಟೀಲ್ ಡಬ್ಬ ಇದ್ದೇ ಇರುತ್ತದೆ. ಅಂಚಿನ ಸ್ವಲ್ಪ ಕೆಳಗೆ ಎದುರುಬದುರು ಎರಡು ತೂತು ಕೊರೆದು ಸ್ಟೀಲ್ ತಂತಿಯನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿ ಹಾಕಿ, ತುದಿಗಳನ್ನು ಇಕ್ಕಳದಿಂದ ಮಡಚಿ. ಹಿಡಿಯನ್ನು ಬೆಸುಗೆಯಿಂದಲೋ ಅಂಟಿನಿಂದಲೋ ಕೂರಿಸಬೇಡಿ. ತವರದ ಬೆಸುಗೆ 200 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಕುದಿಯುವ ನೀರು ಸಮೇತ ಪಾತ್ರೆ ಕಾಲ ಮೇಲೆ ಬೀಳುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಗುಂಡಿ ಬಿಚ್ಚಿ ಆ ತೂತಿಗೇ ತಂತಿಯ ಉಂಗುರ ಹಾಕಿ. ಒತ್ತಿ ಬಿಗಿಯುವ ಕ್ಲಿಪ್ಪೋ ರಬ್ಬರೋ ಇದ್ದರೆ ಅದೂ ಹೋಗಲಿ, ಹಬೆ ಹೊರಗೆ ಬರಲೇಬೇಕು. ಹೊರಮೈಗೆ ಬೆಂಕಿಗೆ ಇಡುವ ಮುಂಚೆ ತೆಳ್ಳಗೆ ಪಾತ್ರೆ ಸೋಪು ಸವರಿದರೆ ಮಸಿ ಸುಲಭವಾಗಿ ಬಿಡುತ್ತದೆ. ತುಂಬಿದ ಪಾತ್ರೆಯನ್ನು ಹಿಡಿಯಿಂದ ಎತ್ತಿ ಅಲುಗಾಡಿಸುವ ಪರೀಕ್ಷೆಯನ್ನು ಮನೆಯಲ್ಲೇ, ತಣ್ಣೀರು ತುಂಬಿ ಮಾಡಿಕೊಳ್ಳಿ.